ಮೂಕ ಲೆನ್ಸು ಹೇಳಿದ ದೂರ

ಉದ್ದ ಪಲಾಟ, ಹುಬ್ಬಳ್ಳಿ
ಎರಡನೇ ಎಣಿಕೆಯ ನೂರಾ ಎಂಟನೇ ವರ್ಷ, ಹದಿಮೂರನೇ ತಿಂಗಳ ಮೂವತ್ತೇಳು

ಹಳೆಯ ಲೆನ್ಸೊಂದನ್ನು ಮನೆಯಲ್ಲಿಟ್ಟುಕೊಂಡಿರುವವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಓದಿ ಕಲಿತಿದ್ದೇನೆಯೇ ಹೊರತು ಆಡಿ ಕಲಿತಿಲ್ಲ. ಇಂಥ ಪತ್ರಗಳು ಹಿಂದಕ್ಕೆ ಹೇಗೆ ಹೋಗುತ್ತವೆ ಎಂದು ನನಗೆ ತಿಳಿಯದು. ಕೆಲವು ಹೋಗಿವೆ ಎಂದು ಮಾತ್ರ ಕೇಳಿದ್ದೇನೆ.

ಪಲಾಟವೆಂದರೆ ನೀವು ಪ್ಲಾಟ್‌ಫಾರ್ಮ್ ಎನ್ನುವುದು. ರೈಲುಗಳು ನಿಂತು ಎರಡು ತಲೆಮಾರು ಕಳೆದವು. ಈಗ ಅಲ್ಲಿ ಸಂತೆ ನಡೆಯುತ್ತದೆ. ಜೋಳ, ಉಪ್ಪು, ತಾಮ್ರದ ತಂತಿ, ಬ್ಯಾಟರಿ, ಎಲ್ಲವೂ ಅಲ್ಲೇ ತೂಗಿ ಮಾರಾಟವಾಗುತ್ತವೆ. ಮಾರುವವರಲ್ಲಿ ಮುಕ್ಕಾಲು ಮಂದಿಯ ಕೊರಳಲ್ಲಿ ಕ್ಯಾಮೆರಾ ಇರುತ್ತದೆ, ಏಕೆಂದರೆ ಫೋಟೋ ಇಲ್ಲದ ವ್ಯವಹಾರವನ್ನು ಇಲ್ಲಿ ಯಾರೂ ನಂಬುವುದಿಲ್ಲ. ಕ್ಯಾಮೆರಾಗಳು ನಿಮ್ಮವೇ, ಅಂದರೆ ನಿಮ್ಮ ಮಿರರ್‌ಲೆಸ್‌ಗಳ ಮೊಮ್ಮಕ್ಕಳು. ಲೆನ್ಸಿನ ಹಿಂಬದಿಯಲ್ಲಿ ಹಿತ್ತಾಳೆ ಬಣ್ಣದ ಚುಕ್ಕೆಗಳ ಸಾಲು ಇರುತ್ತದಲ್ಲ, ಅದರ ಮೂಲಕ ಲೆನ್ಸು ಈಗಲೂ ಕ್ಯಾಮೆರಾಕ್ಕೆ ತನ್ನ ಗುರುತು ಹೇಳುತ್ತದೆ. ನಿಮ್ಮ ಕಾಲದಲ್ಲಿ ಗುರುತು ಸಿಕ್ಕ ಕ್ಯಾಮೆರಾ ಅಂಚಿನ ಕತ್ತಲನ್ನೂ ಬಾಗಿದ ಗೆರೆಗಳನ್ನೂ ತಿದ್ದುತ್ತಿತ್ತು. ನಮ್ಮ ಕಾಲದಲ್ಲಿ ಅದು ರಕ್ತವನ್ನೂ ತಿದ್ದುತ್ತದೆ. ಇದಕ್ಕೆ ಹಸನು ಎನ್ನುತ್ತೇವೆ, ಜೋಳದಿಂದ ಕಲ್ಲು ತೆಗೆಯುವ ಕೆಲಸದ ಹೆಸರು. ಹಸನಾದ ಚಿತ್ರದಲ್ಲಿ ಕೊಲೆಯಾದವನು ಮಲಗಿರುತ್ತಾನೆ. ಮುಖದಲ್ಲಿ ನಿದ್ದೆಯ ಶಾಂತಿ ಇರುತ್ತದೆ. ಕೊಂದವನ ಕೈಯಲ್ಲಿ ಏನೂ ಇರುವುದಿಲ್ಲ. ನಮ್ಮ ಮನೆಗಳ ಗೋಡೆಗಳ ಮೇಲೆ ಇಂಥ ಮಲಗಿದವರು ಬಹಳ ಜನ ಇದ್ದಾರೆ.

ನಿಮ್ಮ ಅಜ್ಜಂದಿರ ಕಾಲದ ಲೆನ್ಸುಗಳಿಗೆ ಆ ಚುಕ್ಕೆಗಳಿಲ್ಲ. ನಾವು ಅವುಗಳನ್ನು ಮೂಕ ಲೆನ್ಸು ಎನ್ನುತ್ತೇವೆ. ಬರಿಯ ಲೋಹ ಮತ್ತು ಗಾಜು. ನಡುವೆ ಒಂದು ಅಡಾಪ್ಟರ್ ಬಳೆ ಹಾಕಿ ಕೂರಿಸಿದರೆ ಕ್ಯಾಮೆರಾಕ್ಕೆ ತನ್ನ ಮೇಲೆ ಯಾವ ಲೆನ್ಸು ಕೂತಿದೆ ಎಂಬುದೇ ತಿಳಿಯುವುದಿಲ್ಲ. ಗುರುತು ಸಿಗದೆ ಹಸನು ಶುರುವಾಗುವುದಿಲ್ಲ. ಕಂಡದ್ದು ಕಂಡಂತೆ ದಾಖಲಾಗುತ್ತದೆ. ನೀವು ಇವನ್ನು ಹಿನ್ನೆಲೆ ಸುಳಿಯಂತೆ ಕರಗಲಿ, ಹೂವಿನ ಬಣ್ಣ ಹಳೆಯದಾಗಿ ಕಾಣಲಿ ಎಂದು ಬಳಸುತ್ತಿದ್ದಿರಂತೆ. ನನ್ನ ಹೆಂಡತಿ ಕಸ್ತೂರಿ ಹೆಣಗಳಿಗಾಗಿ ಬಳಸುತ್ತಾಳೆ. ಅವಳ ಬಳಿ ಎರಡಿದ್ದವು, ಒಂದು ಐವತ್ತು ಮಿಲಿಮೀಟರಿನದು, ಇನ್ನೊಂದು ನೂರಮೂವತ್ತೈದರದು. ಈ ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರವಿದ್ದಂತೆ ದೊಡ್ಡದಾಗಿ ಕಾಣುತ್ತದೆ. ದೊಡ್ಡದರೊಳಗೆ ಜೇಡನ ಬಲೆಯಂಥ ಬೂಸಲು ಬೆಳೆದಿತ್ತು.

ಮೂಕ ಲೆನ್ಸಿಗೆ ಒಂದು ತೊಡಕಿದೆ, ನಿಮಗೂ ಗೊತ್ತಿರಬೇಕು. ಕೈನಡುಕವನ್ನು ತಡೆಯಬೇಕಾದರೆ ಕ್ಯಾಮೆರಾಕ್ಕೆ ಲೆನ್ಸಿನ ಸಂಖ್ಯೆ ತಿಳಿದಿರಬೇಕು. ಲೆನ್ಸು ಹೇಳಲಾರದು, ಆದ್ದರಿಂದ ನಾವೇ ಮೆನುವಿನಲ್ಲಿ ಬರೆಯಬೇಕು. ಬರೆದ ಸಂಖ್ಯೆ ಪ್ರತಿ ಚಿತ್ರದ ಒಡಲಲ್ಲಿ ಉಳಿಯುತ್ತದೆ. ಲೆನ್ಸು ಬದಲಿಸಿದಾಗ ಸಂಖ್ಯೆಯನ್ನೂ ಬದಲಿಸಬೇಕು.

ಕೆಲವು ದಿನಗಳ ಹಿಂದೆ ಕಸ್ತೂರಿ ಎರಡನೇ ಪಲಾಟದಲ್ಲಿ ಐವತ್ತರ ಲೆನ್ಸಿನಿಂದ ಉಪ್ಪಿನ ಮೂಟೆಗಳ ಫೋಟೋ ತೆಗೆಯುತ್ತಿದ್ದಳು. ಹಳಿಗಳಾಚೆಯ ಮೊದಲನೇ ಪಲಾಟದಲ್ಲಿ ಗುರುಪಾದ ಎಂಬ ಬೀಜದ ವ್ಯಾಪಾರಿ ತಕ್ಕಡಿಯ ಕಲ್ಲನ್ನು ಎತ್ತಿ ಹಿಡಿದು, "ಒಳಗ ಟೊಳ್ಳ ಐತಲ್ರೋ ಇದು, ಕಾವಲಿನವ್ರ ತಲಿ ಇದ್ದಂಗ!" ಎಂದ. ಸಂತೆ ನಕ್ಕಿತು. ಆ ನಗುವೇ ಅವನನ್ನು ಕೊಂದಿತು ಎನ್ನಬೇಕು. ಸಂತೆ ಕಾಯುವ ಮೂವರು ಕಾವಲುಗಾರರು ಹಳಿ ಹೊಡೆಯುವ ಸುತ್ತಿಗೆಗಳನ್ನು ತಂದರು. ಮೊದಲು ಮೊಣಕಾಲಿಗೆ ಹೊಡೆದರು. ಬಿದ್ದ ಮೇಲೆ ದವಡೆಗೆ. ಜನ ಓಡಿದರು. ಕಸ್ತೂರಿ ಕೂಗಿದಳು, ದಾಟಲು ನೋಡಿದಳು. ಎರಡು ಪಲಾಟಗಳ ನಡುವೆ ಹಳಿಯ ಗುಂಡಿಯ ಉದ್ದಕ್ಕೂ ಮುಳ್ಳುತಂತಿಯಿದೆ. ಅವಳ ಅಂಗೈ ಹರಿಯಿತು. ಆಮೇಲೆ ಅವಳು ತನಗೆ ಬರುವ ಕೆಲಸವನ್ನು ಮಾಡಿದಳು. ಐವತ್ತನ್ನು ತಿರುಗಿಸಿ ತೆಗೆದು ನೂರಮೂವತ್ತೈದನ್ನು ಕೂರಿಸಿದಳು, ಬೆಳಕು ಬರುವ ಅದರ ಬಾಯನ್ನು ಪೂರ್ತಿ ತೆರೆದಳು, ಕೈಯಿಂದ ಫೋಕಸ್ ಹುಡುಕಿದಳು. ಅವಳ ಕ್ಯಾಮೆರಾದಲ್ಲಿ ಫೋಕಸ್ ಸಿಕ್ಕ ಅಂಚುಗಳಿಗೆ ಕೆಂಪು ಗೆರೆ ಮೂಡುತ್ತದೆ. ಸುತ್ತಿಗೆಯ ತುದಿಗೆ, ಕಿವಿಗೆ, ಹಲ್ಲುಗಳಿಗೆ ಕೆಂಪು ಹತ್ತಿತು. ಯಾವ ಕೆಂಪು ಕ್ಯಾಮೆರಾದ್ದು, ಯಾವುದು ಅವನದು ಎಂದು ತಿಳಿಯಲಿಲ್ಲವೆಂದು ಆಮೇಲೆ ಹೇಳಿದಳು. ತಲೆಬುರುಡೆ ಒಡೆದ ಕ್ಷಣ ಅವಳ ಚಿತ್ರದಲ್ಲಿದೆ. ಕೊಂದವರ ಮುಖಗಳೂ ಇವೆ. ಸಂಖ್ಯೆಯನ್ನು ಬದಲಿಸಲು ಮಾತ್ರ ಮರೆತಿದ್ದಳು.

ಚಿತ್ರವನ್ನು ಅವಳೇ ಅಳತೆಕಟ್ಟೆಗೆ ಒಯ್ದಳು. ಅದು ನಮ್ಮ ನ್ಯಾಯದ ಜಾಗ. ಅಲ್ಲಿ ಮಾತಿಗೆ ಬೆಲೆಯಿಲ್ಲ, ಚಿತ್ರವನ್ನು ಅಳೆಯುತ್ತಾರೆ. ಮೂವರೂ ಸಿಕ್ಕಿಬಿದ್ದರು. ನಮ್ಮಲ್ಲಿ ಶಿಕ್ಷೆಯನ್ನು ಸತ್ತವನ ರಕ್ತಸಂಬಂಧಿಯೇ ಅದೇ ಆಯುಧದಿಂದ ಕೊಡಬೇಕು, ಎರಡೂ ಕೈಗಳಿಗೆ, ಮುಂಗೈಯಿಂದ ಮೊಣಕೈಯವರೆಗೆ. ಗುರುಪಾದನ ತಾಯಿ ಈರವ್ವ ಮೊದಲನೆಯವನ ಮುಂಗೈ ಒಡೆದು, ಪಕ್ಕಕ್ಕೆ ಕೂತು ವಾಂತಿ ಮಾಡಿಕೊಂಡು, ಎದ್ದು ಬಂದು ಮತ್ತೆ ಸುತ್ತಿಗೆ ಹಿಡಿದಳು. ಮೂರನೆಯವನು ಆ ಸಂಜೆಯೇ ಸತ್ತ. ನಾನು ನೋಡಿದೆ. ಎಲುಬಿನ ಸದ್ದು ಒಣಗಿದ ಸೌದೆಯ ಸದ್ದಿಗಿಂತ ಮೆತ್ತಗಿರುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ನಮ್ಮಲ್ಲಿ ಉಸಿರಳತೆ ಎಂಬ ಕಟ್ಟಳೆಯಿದೆ. ಬಿದ್ದವನ ಉಸಿರು ಕೇಳುವಷ್ಟು ಹತ್ತಿರ ನಿಂತು ತಡೆಯದೆ ನೋಡಿದವನೂ ಕೊಂದವನೇ, ಶಿಕ್ಷೆ ಒಂದೇ. ಅಷ್ಟು ಉದ್ದದ ಹಗ್ಗವೊಂದು ಕಟ್ಟೆಯಲ್ಲಿ ತೂಗುತ್ತಿರುತ್ತದೆ. ಇದರಿಂದಾಗಿಯೇ ಸಂತೆಯಲ್ಲಿ ನಡೆದ ಯಾವುದನ್ನೂ ಯಾರೂ ಕಂಡಿರುವುದಿಲ್ಲ. ಕಂಡೆನೆಂದರೆ ಎಲ್ಲಿ ನಿಂತು ಕಂಡೆ ಎಂದು ಕೇಳುತ್ತಾರೆ. ಕಟ್ಟೆಯವರು ಚಿತ್ರದಲ್ಲಿ ಗುರುಪಾದನ ಎತ್ತರವನ್ನು ಅಳೆದರು, ಒಡಲಿನ ಸಂಖ್ಯೆ ನೋಡಿದರು, ಲೆಕ್ಕ ಹಾಕಿದರು. ಐವತ್ತರ ಲೆನ್ಸಿನಲ್ಲಿ ಮನುಷ್ಯ ಅಷ್ಟು ದೊಡ್ಡದಾಗಿ ಕಾಣಬೇಕಾದರೆ ತೆಗೆದವಳು ಹಗ್ಗದೊಳಗೆ ನಿಂತಿರಲೇಬೇಕು.

ಕಟ್ಟೆಯಲ್ಲಿ ಈರವ್ವ ಕಸ್ತೂರಿಯನ್ನು ಕೇಳಿದಳು. "ನಿನ್ನ ಫೋಟೋದಿಂದನ ಅವ್ರು ಸಿಕ್ರು ತಂಗಿ, ಖರೇ. ಆದ್ರ ಅಷ್ಟ ಸನೇಕ ನಿಂತು ತಗದ್ಯಲ್ಲ, ಒಂದ್ ಕೂಗರ ಹಾಕಬಾರದಿತ್ತೇನ?"

"ಕೂಗಿದ್ನಿ ಯವ್ವಾ. ಆಚಿ ಪಲಾಟದಾಗಿದ್ದೆ ನಾ. ನಡುವ ತಂತಿ ಇತ್ತು."

"ಫೋಟೋದಾಗ ಎಲ್ಲೈತಿ ತಂತಿ? ತೋರ್ಸು."

ತಂತಿ ಇರಲಿಲ್ಲ. ಬಾಯಿ ತೆರೆದ ಹಳೆಯ ಲೆನ್ಸು ತೀರ ಹತ್ತಿರದ ತಂತಿಯನ್ನು ಕರಗಿಸಿಬಿಟ್ಟಿತ್ತು. ಕಟ್ಟೆಯ ಹಿರಿಯ ದುಂಡಪ್ಪ ನಕ್ಕು, "ಮೂಕಗ ನಾಲಗಿ ಕೊಟ್ಟವ್ರು ನೀವ ಅಲ್ರಿ ಅಕ್ಕಾರ? ಐವತ್ತು ಅಂತ ಕಲಿಸಿಕೊಟ್ರಿ, ಐವತ್ತು ಅಂತೈತಿ ಪಾಪ" ಎಂದ. ಜನ ನಕ್ಕರು. ಕಸ್ತೂರಿ ಅಂಗೈಯ ಗಾಯವನ್ನು ತೋರಿಸಿದಳು. ಗಾಯಗಳು ಇಲ್ಲಿ ಎಲ್ಲರ ಬಳಿಯೂ ಇವೆ.

ಕೊಲೆಯಾದ ಹೊತ್ತಿನಲ್ಲಿ ನಾನು ಮನೆಯಲ್ಲಿ ಊಟ ಮಾಡುತ್ತಿದ್ದೆ. ಕಟ್ಟಳೆಯ ಪ್ರಕಾರ ನನ್ನಷ್ಟು ನಿರಪರಾಧಿ ಈ ಊರಿನಲ್ಲಿಲ್ಲ. ಈ ಯೋಚನೆಯೊಂದಿಗೆ ನಾನು ಕೆಲವು ದಿನಗಳಿಂದ ಇದ್ದೇನೆ.

ಎರಡನೇ ಪಲಾಟದಿಂದ ಐವತ್ತರ ಲೆನ್ಸಿನಲ್ಲಿ ಮತ್ತೆ ಚಿತ್ರ ತೆಗೆದು, ನಡುವಿನ ಭಾಗವನ್ನು ಕತ್ತರಿಸಿ ಒಯ್ದೆ. ಆಚೆಯ ಪಲಾಟದ ಕಂಬಗಳೆಲ್ಲ ಕಸ್ತೂರಿಯ ಚಿತ್ರದಲ್ಲಿದ್ದಂತೆಯೇ ಒಂದರ ಹಿಂದೊಂದು ಒತ್ತಿ ನಿಂತಿದ್ದವು. ಹತ್ತಿರ ನಿಂತು ತೆಗೆದಿದ್ದರೆ ಅವು ಬಿಡಿಬಿಡಿಯಾಗಿ ಕಾಣಬೇಕಿತ್ತು. ಕತ್ತರಿಸಿದ ಚಿತ್ರವನ್ನು ಕಟ್ಟೆ ಮುಟ್ಟುವುದಿಲ್ಲ. ಅಂಥದೇ ನೂರಮೂವತ್ತೈದರ ಮೂಕ ಲೆನ್ಸಿನಿಂದ, ಅದೇ ಜಾಗದಿಂದ ಇಡಿಯಾಗಿ ತೆಗೆದು ತೋರಿಸಿದರೆ ಒಪ್ಪುತ್ತೇವೆ ಎಂದರು. ಅವಳದು ಈಗಿಲ್ಲ. ಅವಳನ್ನು ಹಿಡಿದ ದಿನ ಕಾವಲಿನವರ ತಮ್ಮಂದಿರು ಅದನ್ನು ಹಳಿಯ ಮೇಲಿಟ್ಟು ಪುಡಿ ಮಾಡಿದರು. ಕೆಲವು ಚೂರುಗಳನ್ನು ಅವಳ ಬಾಯಿಗೆ ತುರುಕಿದರು. ಊರಿನಲ್ಲಿ ಇನ್ನೊಂದಿಲ್ಲ, ಧಾರವಾಡದಲ್ಲೂ ಗದಗಿನಲ್ಲೂ ಇಲ್ಲ. ನಾಳೆ ಮಧ್ಯಾಹ್ನ ಈರವ್ವ ಸುತ್ತಿಗೆ ಎತ್ತಬೇಕು. ಅವಳಿಗೆ ಇಷ್ಟವಿಲ್ಲ ಎಂದು ನನಗನ್ನಿಸುತ್ತದೆ. ಆದರೂ ಎತ್ತುತ್ತಾಳೆ.

ಆದ್ದರಿಂದ ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಪಾಟಿನಲ್ಲಿ ನೂರಮೂವತ್ತೈದರದೊಂದು ಇರಬಹುದು. ಅದನ್ನು ಒಣ ಬಟ್ಟೆಯಲ್ಲಿ ಸುತ್ತಿ, ಇದ್ದಿಲಿನ ಪುಡಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳದ ಸುತ್ತ ಮೇಣ ಹಚ್ಚಿ. ಉಣಕಲ್ ಕೆರೆಯ ಏರಿಯ ಮೇಲೆ, ತೂಬಿನ ಕಲ್ಲಿನ ಬಲಬದಿಗೆ, ಮೊಣಕಾಲಾಳ ಅಗೆದು ಹೂಳಿ. ಕೆರೆ ಈಗ ಇಲ್ಲ, ಕಲ್ಲು ಇದೆ. ಬೂಸಲಿದ್ದರೂ ಅಡ್ಡಿಯಿಲ್ಲ. ಯಾರಿಗೂ ಹೇಳಬೇಡಿ, ನಿಮ್ಮ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಇರುವವರು ಅಗೆದುಬಿಡುತ್ತಾರೆ.

ಇವತ್ತು ಬೆಳಿಗ್ಗೆ ನಾನು ಅಲ್ಲಿ ಅಗೆದೆ. ಏನೂ ಇರಲಿಲ್ಲ. ಗುಂಡಿಗೆ ಮಣ್ಣು ಮುಚ್ಚಿ ಬಂದೆ. ದಾರಿಯಲ್ಲಿ ಹೊಳೆಯಿತು, ನಾನಿನ್ನೂ ಈ ಪತ್ರವನ್ನು ಬರೆದೇ ಇರಲಿಲ್ಲ. ಕೇಳದೆ ಇದ್ದದ್ದನ್ನು ನೀವು ಹೇಗೆ ಇಟ್ಟಿರುತ್ತೀರಿ?

ಈಗ ಕೇಳಿದ್ದೇನೆ. ಇನ್ನೂ ಬೆಳಕಿದೆ. ಗುದ್ದಲಿ ತೆಗೆದುಕೊಂಡು ಹೊರಡುತ್ತೇನೆ.

ಕಸ್ತೂರಿಯ ಗಂಡ,
ರಾಚೋಟಿ