ಮಗಳ ರಕ್ತಪರೀಕ್ಷೆ

ಜುಲೈ ೯, ಬುಧವಾರ

ವರದಿ ಏನು ಬರುತ್ತದೋ ಎಂಬ ಭಯಕ್ಕೆ ಬೆಳಿಗ್ಗೆ ಚಹಾ ಸಹ ಕುಡಿಯದೆ ಹೊರಟೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಕ್ಕು, "ನಿಮ್ಮ ಕೂಸಿಗೆ ಸಿಫಿಲಿಸ್ ತಗಲಿಲ್ಲರಿ. ಬಸುರಿದ್ದಾಗ ನೀವು ಲಗೂ ಇಂಜೆಕ್ಷನ್ ತಗೊಂಡಿದ್ದು ಛಲೋ ಆತು," ಎಂದರು. ಅಲ್ಲೇ ಅತ್ತುಬಿಟ್ಟೆ.

ನನ್ನ ಗಂಡ ಕೇದಾರ ತಂದ ರೋಗ ಅದು. ಬೆಳಗಾವಿಯ ಮಿಲಿಟರಿ ಕ್ಯಾಂಪಿನಲ್ಲಿ ಕಟ್ಟಡದ ಕೆಲಸಕ್ಕಿದ್ದಾಗ ಹಿಂದಿನ ಓಣಿಯ ಯಾವುದೋ ವೇಶ್ಯೆಯ ಮನೆಗೆ ಹೋಗಿದ್ದರಂತೆ. ರೋಗದ ಲಕ್ಷಣ ಕಾಣಿಸಿದ ಕೂಡಲೇ ಊರಿಗೆ ಬಂದು, ನಾಚಿಕೆ ಬಿಟ್ಟು ನನಗೆ ಹೇಳಿದರು. ಅದರಿಂದಲೇ ಮಗಳು ಉಳಿದಳು.

ಇವತ್ತು ಸಂಜೆ ಅವರು ಮನೆಯ ಬಾಗಿಲ ಹೊರಗೇ ನಿಂತಿದ್ದರು. "ಒಳಗ ಬರಲೇನು?" ಎಂದರು.

"ಬರ್ರಿ. ನಿಮ್ಮ ಮಗಳನ್ನ ಎತ್ತಿಕೊಳ್ರಿ," ಎಂದೆ.

ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಎದೆ ಹಗುರಾಗಿದೆ, ಕಣ್ಣುಗಳು ತಾವೇ ಮುಚ್ಚುತ್ತಿವೆ, ಪಕ್ಕದಲ್ಲಿ ಮಗಳು ನಿದ್ದೆಯಲ್ಲೇ ನಗುತ್ತಾ...