ಗೂಡಿನ ಮೇಲೊಂದು ಗೂಡು

ಮೇ 11, ಬೆಳಿಗ್ಗೆ 6.50

ಸಿಕ್ಕಿತು, ಸಿಕ್ಕಿತು, ನನ್ನ ಹಕ್ಕಿಯ ಹೆಸರು ಸಿಕ್ಕಿತು! ಹಳದಿ ಉಲಿಯಕ್ಕಿ. ಯೆಲ್ಲೋ ವಾರ್ಬ್ಲರ್! ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಜೀವ. ಗಂಡಿನ ಎದೆಯ ಮೇಲೆ ಕೆಂಗಂದು ಗೀರು. ಬಾಲದ ಅಡಿಯೂ ಹಳದಿ, ಅದೇ ಗುರುತು. ಪಂಪ್‌ಹೌಸ್ ಹಿಂದಿನ ಜೌಗಿನ ಪೊದೆಯಲ್ಲಿ ಗೂಡೂ ಇದೆ. ಹಲ್ಲುಜ್ಜುತ್ತಿದ್ದ ಗಂಡನನ್ನು — ಆಹಾ, ಗಂಡ! — ಹಾಗೇ ಎಳೆದೊಯ್ದು ತೋರಿಸಿದೆ.

"ಮದುವೆಯಾಗಿ ತಿಂಗಳಾಯ್ತು, ನನ್ನನ್ನ ಒಂದಿನ ಹೀಗೆ ನೋಡಿದೀಯಾ?"

"ನೀನು ಹಳದಿ ಇಲ್ವಲ್ಲ!"

ಸಂಜೆ

ಅಯ್ಯೋ! ಇಪ್ಪತ್ತಕ್ಕೆ ಆ ಪೊದೆ ಕಡಿಯುತ್ತಾರಂತೆ. ಇವನ ಆಫೀಸಿನದೇ ಆರ್ಡರ್. ಅಪರೂಪದ ಹಕ್ಕಿ ಗೂಡು ಕಟ್ಟಿದೆ ಎಂದು ಪಕ್ಷಿಗಣತಿಯವರು ಬರೆದುಕೊಟ್ಟರೆ ಮಾತ್ರ ನಿಲ್ಲುತ್ತದೆ. ಗಣತಿಯ ಮುಖ್ಯಸ್ಥೆ ಇವನ ಅಕ್ಕನೇ! ಫೋನ್ ಮಾಡಿದೆ.

"ಅಲ್ಲಿ ಅದು ಗೂಡು ಕಟ್ಟಿದ್ದೇ ಇಲ್ಲ ಕಣೇ. ಹಳದಿ ಕಂಡಿದ್ದೆಲ್ಲ ವಾರ್ಬ್ಲರಾ?"

"ಅತ್ತಿಗೆ, ಬಾಲ—"

"ಬಾಲ ಬಿಡು. ಫೋಟೋ ಕಳಿಸು."

ನನ್ನ ಫೋಟೋಗಳಲ್ಲಿ ಎಲೆ, ಎಲೆ, ನನ್ನ ಹೆಬ್ಬೆರಳು...

ಮೇ 14

ಮದುವೆಗೆ ಬಂದ ಕೈಗನ್ನಡಿಯನ್ನು ಪೊರಕೆ ಕೋಲಿಗೆ ಕಟ್ಟಿ ಗೂಡಿನೊಳಗೆ ಇಣುಕಿದೆ. ಒಂದು ಪುಟಾಣಿ ಮೊಟ್ಟೆ! ಕುಣಿದು ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡೆ.

ಮೇ 15

ಪಕ್ಕದಲ್ಲಿ ದಪ್ಪನೆಯ ಇನ್ನೊಂದು ಮೊಟ್ಟೆ. ಇವಳದಲ್ಲ. ಯಾವುದೋ ಸೋಮಾರಿ ಹಕ್ಕಿ ಇಟ್ಟು ಹೋಗಿದೆ.

ಮೇ 18

ಗೂಡು ಖಾಲಿ. ಅಳುತ್ತಲೇ ಫೋನ್ ಮಾಡಿದೆ.

"ಸೋತೆ ಅತ್ತಿಗೆ. ಎರಡು ಮೊಟ್ಟೆ ಇತ್ತು, ಒಂದು ಬೇರೆ ಹಕ್ಕಿದು. ಎರಡೂ ಇಲ್ಲ. ಗೂಡು ಮಾತ್ರ ಎತ್ತರ ಆಗಿದೆ, ಮೇಲೆ ಹೊಸ ಹತ್ತಿ ಹಾಸಿದೆ."

ಆ ಕಡೆಯಿಂದ ಕಿವಿ ಹರಿಯುವಂತೆ: "ಎತ್ತರ ಆಗಿದೆಯಾ? ಅಯ್ಯೋ ಹುಚ್ಚುಡುಗಿ, ಮೊಟ್ಟೆ ಕೆಳಗೇ ಇದೆ! ಕಳ್ಳಮೊಟ್ಟೆ ಬಂದ್ರೆ ತನ್ನದನ್ನೂ ಸೇರಿಸಿ ಮುಚ್ಚಿ, ಮೇಲೆ ಮಹಡಿ ಕಟ್ಟೋದು ಈ ಹಕ್ಕಿಯ ಚಾಳಿ. ಅದು ನಿನ್ನ ವಾರ್ಬ್ಲರೇ ಕಣೇ! ತಪ್ಪಾಯ್ತು, ನಾನು ನಂಬಬೇಕಿತ್ತು. ಪತ್ರ ಈಗಲೇ ಕಳಿಸ್ತೀನಿ."

ಮೇ 19, ಮಧ್ಯಾಹ್ನ

ಕಡಿಯುವುದು ನಿಂತಿತು!!! ಆರ್ಡರ್ ಕಾಪಿ ಹಿಡಿದು ಬಂದ ಗಂಡನ ಮುಖ ಊದಿಕೊಂಡಿತ್ತು. "ಮೂವತ್ತು ವರ್ಷದಲ್ಲಿ ಅಕ್ಕ ನನಗೆ ಒಂದ್ಸಲಾನೂ ತಪ್ಪಾಯ್ತು ಅಂದಿಲ್ಲ!" ಕೆನ್ನೆ ಹಿಂಡಿ ಓಡಿದೆ. ಹೊಸ ಮಹಡಿಯಲ್ಲಿ ಹೊಸ ಮೊಟ್ಟೆ! ತಾಯಿಹಕ್ಕಿ ಕನ್ನಡಿಯನ್ನೇ ಗದರಿಸಿತು.

ಈಗ ಅತ್ತಿಗೆಯ ಮೆಸೇಜ್. ಗೂಡನ್ನು ಕಣ್ಣಾರೆ ನೋಡಬೇಕಂತೆ, ನಾನೇ ತೋರಿಸಬೇಕಂತೆ. ಶುಕ್ರವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಬರುತ್ತಾರಂತೆ, 6.10ಕ್ಕೆ ನಾನು ಸ್ಟೇಷನ್ನಿನಲ್ಲಿರಬೇಕಂತೆ!