ಸೆಕೆಂಡ್ ಹಾಫ್ ಹೇಳುವವಳು

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗೇಟಣ್ಣನಿಗೆ,

ನಮಸ್ಕಾರಗಳು. ನಿಮ್ಮ ಕಾಗದ ಬಂದು ತಿಂಗಳಾಗುತ್ತ ಬಂತು. ಉತ್ತರ ಬರೆಯದ ನನ್ನನ್ನು ಮನಸ್ಸಿನಲ್ಲೇ ಬೈದುಕೊಂಡಿರುತ್ತೀರಿ. ಬೈಯಿರಿ, ನಿಮಗೆ ಆ ಹಕ್ಕಿದೆ. ಕಿರಿಯ ಮಗನಿಗೆ ಮದುವೆಯಾಯಿತೆಂದು ಓದಿ ನಮ್ಮಿಬ್ಬರಿಗೂ ಹಿಗ್ಗೋ ಹಿಗ್ಗು. ಮದುವೆಯ ಮಾತೆತ್ತಿದರೆ ಮೂಗು ಮುರಿಯುತ್ತಿದ್ದವನು ಈಗ ‘ಹೆಂಡ್ತಿ ಜೊತೆ ಕೂತು ನೋಡೋಕೆ ಒಳ್ಳೇ ಲವ್ ಸಿನಿಮಾ ಹೇಳಪ್ಪಾ’ ಎಂದು ನಿಮ್ಮ ಬೆನ್ನು ಬಿದ್ದಿದ್ದಾನೆಂದರೆ, ಸೊಸೆ ಗಟ್ಟಿಗಿತ್ತಿಯೇ ಇರಬೇಕು. ಇಡೀ ಸರ್ವೀಸು ಥಿಯೇಟರಿನ ಬಾಗಿಲಲ್ಲಿ ನಿಂತ ನೀವು ಆ ಪ್ರಶ್ನೆಯನ್ನು ನಮ್ಮ ಕಡೆಗೆ ದಾಟಿಸಿದ್ದನ್ನು ಕೇಳಿ ಇವಳು, ‘ಅಣ್ಣಂಗೆ ಸಿನಿಮಾ ಎಲ್ಲಿ ನೆನಪಿರುತ್ತೆ, ಅವರು ನೋಡಿದ್ದೆಲ್ಲ ಜನರ ಹಿಂದಲೆ’ ಎಂದಳು.

ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಇವಳು ಪಕ್ಕದಲ್ಲೇ ಕೂತು, ‘ಅಳೋ ವಿಷಯ ಮೊದಲೇ ಹೇಳಿ ಮುಗಿಸಿಬಿಡಿ, ಆಮೇಲೆ ಸಿನಿಮಾ’ ಎಂದು ಅಪ್ಪಣೆ ಕೊಡಿಸಿದ್ದಾಳೆ. ಆದ್ದರಿಂದ ಹೇಳಿಬಿಡುತ್ತೇನೆ. ಇವಳ ಗಂಟಲಲ್ಲಿ ಗಂಟಾಗಿದೆ. ಮುಂದಿನ ಸೋಮವಾರ ಆಪರೇಷನ್. ‘ಜೀವಕ್ಕೆ ಭಯ ಇಲ್ಲ, ಸರಿಯಾದ ಟೈಮಿಗೆ ಬಂದಿದ್ದೀರಿ. ಆದ್ರೆ ಧ್ವನಿಪೆಟ್ಟಿಗೆ ತೆಗೀಲೇಬೇಕು. ಆಮೇಲೆ ಮೊದಲಿನ ಹಾಗೆ ಮಾತಾಡೋಕಾಗಲ್ಲ’ ಎಂದರು ಡಾಕ್ಟರಮ್ಮ. ನಾನು ಮೊದಲ ಮಾತಿಗೇ ಕೈ ಮುಗಿದುಬಿಟ್ಟೆ. ಜೀವ ಉಳಿಯುತ್ತದಲ್ಲ, ಅದಕ್ಕಿಂತ ದೊಡ್ಡದೇನಿದೆ ಎಂದು ದಿನವೂ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಿಜಕ್ಕೂ ದೊಡ್ಡದೇ. ಇವಳು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ವರ್ಷಗಟ್ಟಲೆ ಬೆಡ್‌ಶೀಟ್ ಒಗೆದವಳಲ್ಲವೇ, ಹೊಸ ಮಂಚಕ್ಕೆ ಹಾಕಿದ್ದ ಶೀಟನ್ನು ಬೆರಳಲ್ಲಿ ಉಜ್ಜಿ ನೋಡಿ, ‘ಈಗಿನೋರು ಗಂಜಿ ಹಾಕೋದೇ ಮರೆತಿದ್ದಾರೆ’ ಎಂದು ನರ್ಸಮ್ಮನ ಮುಖಕ್ಕೇ ಹೇಳಿ ಬಂದಳು. ತಡವಾದದ್ದು ಈ ಓಡಾಟದಿಂದ. ಇನ್ನು ಸಿನಿಮಾ.

ನಿಮ್ಮ ಪ್ರಶ್ನೆಯಲ್ಲೇ ಒಂದು ತಮಾಷೆ ಇದೆ, ಗೇಟಣ್ಣ. ಗಂಡ ಹೆಂಡತಿ ಜೊತೆಯಲ್ಲಿ ನೋಡುವ ಸಿನಿಮಾ ಯಾವುದು ಎಂದು ಕೇಳಿದ್ದೀರಿ. ಥಿಯೇಟರಿನಲ್ಲಿ ಒಂದು ಸಿನಿಮಾವನ್ನೂ ಜೊತೆಯಲ್ಲಿ ನೋಡದ ನಮ್ಮನ್ನೇ ಕೇಳಿದ್ದೀರಿ. ಮಗನಿಗೆ ಈ ಕಥೆ ಗೊತ್ತಿರಲಿಕ್ಕಿಲ್ಲ, ಸೊಸೆಗಂತೂ ಗೊತ್ತೇ ಇಲ್ಲ. ಅವರಿಗೆ ಓದಿ ಹೇಳಿ ಎಂದೇ ಬಿಡಿಸಿ ಬರೆಯುತ್ತಿದ್ದೇನೆ.

ನನಗೆ ಬೇಕರಿಯಲ್ಲಿ ರಾತ್ರಿ ಪಾಳಿ, ಇವಳಿಗೆ ಲಾಂಡ್ರಿಯಲ್ಲಿ ಹಗಲು ಪಾಳಿ. ಇವಳ ಪಾಳಿ ಬಿಡುವುದಕ್ಕೂ ನಾನು ಹಿಟ್ಟು ನಾದಲು ನಿಲ್ಲುವುದಕ್ಕೂ ನಡುವೆ ಇದ್ದದ್ದು ನಿಮ್ಮ ಥಿಯೇಟರಿನ ಇಂಟರ್ವಲ್ ಒಂದೇ. ಸಂಜೆಯ ಆಟಕ್ಕೆ ನಾನು ಮೊದಲು ಬಂದು ಕಂಬದ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದೆ. ಇಂಟರ್ವಲ್ ದೀಪ ಹತ್ತಿದ ಕೂಡಲೇ ಎದ್ದು ಗೇಟಿಗೆ ಓಡುತ್ತಿದ್ದೆ. ಇವಳು ಸೋಪಿನ ವಾಸನೆ ಹೊತ್ತುಕೊಂಡು ಆ ಕಡೆಯಿಂದ ಓಡಿ ಬರುತ್ತಿದ್ದಳು. ಟಿಕೆಟಿನ ತುಂಡು ನನ್ನ ಕೈಯಿಂದ ಇವಳ ಕೈಗೆ. ಜನ ಟೀ ಕುಡಿದು ಮುಗಿಸುವುದರೊಳಗೆ ನಾನು ಮೊದಲರ್ಧದ ಕಥೆಯನ್ನು ಗಡಿಬಿಡಿಯಲ್ಲಿ ಒಪ್ಪಿಸಬೇಕು. ‘ಅವನು ಗಡಿಯಾರ ರಿಪೇರಿಯವನು, ಅವಳು ಟೀಚರು, ದಪ್ಪಗಿರೋನು ಅಣ್ಣ, ಅವನನ್ನ ನಂಬಬೇಡ’ ಎಂದು ಮುಗಿಸುತ್ತಿದ್ದಂತೆ ಬೆಲ್ಲು. ಇವಳು ಒಳಗೆ, ನಾನು ಬೇಕರಿಗೆ. ಮಾರನೆಯ ಬೆಳಿಗ್ಗೆ ಬಿಸಿ ಬ್ರೆಡ್ ಹಿಡಿದು ಮನೆಗೆ ಬಂದರೆ, ಇವಳು ತಲೆ ಬಾಚಿಕೊಳ್ಳುತ್ತ ಉಳಿದರ್ಧ ಹೇಳುತ್ತಿದ್ದಳು. ಬಾಚಣಿಗೆಯನ್ನೇ ಕತ್ತಿ ಮಾಡಿಕೊಳ್ಳುತ್ತಿದ್ದಳು, ಬಾಚಣಿಗೆಯನ್ನೇ ರೈಲು ಮಾಡಿಕೊಳ್ಳುತ್ತಿದ್ದಳು. ನಾಯಕಿ ಅಳುವಾಗ ಇವಳ ದನಿ ಎಷ್ಟು ಸಣ್ಣಗಾಗುತ್ತಿತ್ತು ಎಂದರೆ, ನಾನು ಬ್ರೆಡ್ ಅಗಿಯುವುದನ್ನು ನಿಲ್ಲಿಸುತ್ತಿದ್ದೆ.

ಒಂದು ಟಿಕೆಟಿನಲ್ಲಿ ಇಬ್ಬರನ್ನು ಬಿಡಬಾರದೆಂಬ ನಿಯಮ ನಿಮಗೆ ಗೊತ್ತಿರಲಿಲ್ಲವೇ. ಮ್ಯಾನೇಜರು ಒಂದು ಸಲ ಹಿಡಿದು ಕೇಳಿದಾಗ ನೀವು ಹೇಳಿದ್ದು ನನಗಿನ್ನೂ ಕಿವಿಯಲ್ಲಿದೆ: ‘ಸಾರ್, ಸೀಟು ಒಂದೇ, ಕೂರೋರೂ ಒಬ್ಬರೇ. ಮಧ್ಯದಲ್ಲಿ ಸೀರೆ ಉಟ್ಟುಕೊಂಡು ಬಂದ್ರೆ ನಾನೇನು ಮಾಡ್ಲಿ.’ ಅಂದಿನಿಂದ ನಾನು ಫಸ್ಟ್ ಹಾಫ್, ಇವಳು ಸೆಕೆಂಡ್ ಹಾಫ್. ನೀವಿಟ್ಟ ಹೆಸರನ್ನು ಬೇಕರಿಯವರೂ ಹಿಡಿದುಕೊಂಡರು.

ಈಗ ನಿಮ್ಮನ್ನು ಕಟಕಟೆಗೆ ಕರೆಯುವ ಸಮಯ. ನಾವಿಬ್ಬರೂ ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಟಿವಿಯಲ್ಲಿ ಅದೇ ಗಡಿಯಾರದ ಸಿನಿಮಾ ಬಂತು. ಟೀಚರು ಚೆನ್ನಾಗಿರುವ ಗಡಿಯಾರವನ್ನು ತಾನೇ ಕೆಡಿಸಿ ವಾರ ವಾರ ರಿಪೇರಿಗೆ ತರುತ್ತಾಳೆ. ಅವನಿಗೂ ಅದು ಗೊತ್ತು, ಅವನೂ ಹೇಳುವುದಿಲ್ಲ. ಅವಳಿಗೆ ವರ್ಗವಾಗಿ ರೈಲು ಹೊರಡುವ ಹೊತ್ತಿಗೆ ಇಂಟರ್ವಲ್. ನಮ್ಮ ಮನೆಯ ಸೆಕೆಂಡ್ ಹಾಫಿನಲ್ಲಿ ಮುಂದೇನಾಗುತ್ತದೆ ಗೊತ್ತೇ. ಮುಂದಿನ ಸ್ಟೇಷನ್ ಬರುವ ಮೊದಲೇ ಅವಳ ಚೀಲದಲ್ಲಿ ಅಲಾರಾಂ ಹೊಡೆಯುತ್ತದೆ, ಅವಳು ಚೈನು ಎಳೆಯುತ್ತಾಳೆ, ಹಳಿಯ ಪಕ್ಕದಲ್ಲೇ ನಡೆದು ವಾಪಸು ಬರುತ್ತಾಳೆ, ಬೆಳಗಾಗುವಾಗ ಅವನು ಅಂಗಡಿಯ ಷಟರ್ ಎತ್ತಿದರೆ ಎದುರಿಗೆ ಅವಳು. ಎಷ್ಟು ವರ್ಷ ಆ ಷಟರ್ ಎತ್ತಿದ ಸದ್ದು ನನ್ನ ತಲೆಯಲ್ಲಿತ್ತು. ಟಿವಿಯಲ್ಲಿ ನೋಡಿದರೆ ಅವಳು ಹೋಗಿಯೇಬಿಟ್ಟಳು. ಅವನು ಷಟರ್ ಎಳೆದುಕೊಂಡ. ಸಿನಿಮಾ ಮುಗಿಯಿತು.

ನಾನು ಕೆಂಡಾಮಂಡಲವಾದೆ. ‘ಈ ಟಿವಿಯವರು ಜಾಹೀರಾತಿಗೋಸ್ಕರ ಕೊನೆಯನ್ನೇ ಕತ್ತರಿಸಿದ್ದಾರೆ, ಕೇಬಲ್‌ನವನನ್ನ ಕರೆಸಿ ಕೇಳ್ತೀನಿ’ ಎಂದು ಚಪ್ಪಲಿ ಮೆಟ್ಟಿದೆ. ಇವಳು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಹೊಟ್ಟೆ ಹುಣ್ಣಾಗುವಷ್ಟು ನಕ್ಕ ಮೇಲೆ ಬಾಯಿ ಬಿಟ್ಟಳು: ‘ಪಾಪ, ಕೇಬಲ್‌ನವನನ್ನ ಬಿಡಿ. ನಾನು ಸೆಕೆಂಡ್ ಹಾಫ್ ನೋಡೇ ಇಲ್ಲ.’

ಹಗಲೆಲ್ಲ ನಿಂತು ಬಟ್ಟೆ ಹಿಂಡಿದವಳು ಮೆತ್ತನೆ ಸೀಟು ಸಿಕ್ಕ ಕೂಡಲೇ ನಿದ್ದೆ ಹೋಗುತ್ತಿದ್ದಳಂತೆ. ಆಟ ಮುಗಿದು ಜನವೆಲ್ಲ ಹೋದ ಮೇಲೆ ನೀವು ಟಾರ್ಚು ಬಿಟ್ಟು, ಮುಖಕ್ಕಲ್ಲ, ಕಾಲ ಹತ್ತಿರ ನೆಲಕ್ಕೆ ಬಿಟ್ಟು, ಎಬ್ಬಿಸುತ್ತಿದ್ದಿರಂತೆ. ‘ಅಣ್ಣಾ, ಕೊನೆಗೆ ಏನಾಯ್ತು’ ಎಂದು ಕಣ್ಣುಜ್ಜಿಕೊಂಡು ಇವಳು ಕೇಳುವುದು, ‘ಸೇರಿದ್ರಮ್ಮ, ಮನೆಗೆ ಹೋಗು’ ಎಂದು ನೀವು ಹೇಳುವುದು. ಮುಂದೆ ದೋಣಿಯ ಸಿನಿಮಾ ಬಂದಾಗಲೂ ‘ಸೇರಿದ್ರಮ್ಮ’. ಈಜು ಬಾರದ ಸೂಲಗಿತ್ತಿಯೂ ಅವಳನ್ನು ದಿನವೂ ದಾಟಿಸುವ ಅಂಬಿಗನೂ ಇರುವ ಸಿನಿಮಾ, ನೆನಪಿದೆಯೇ. ಅದರಲ್ಲಿ ಅಂಬಿಗ ಮುಳುಗಿ ಸತ್ತೇ ಹೋಗುತ್ತಾನೆ, ಮಹಾರಾಯರೇ. ನಮ್ಮ ಮನೆಯಲ್ಲಿ ಅವನಿಗೆ ಮೊಮ್ಮಕ್ಕಳಿವೆ.

ನಿಮ್ಮ ಆ ಒಂದು ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಬೆಳಗಾಗುವುದರೊಳಗೆ ಇವಳು ಅರ್ಧ ಸಿನಿಮಾ ಕಟ್ಟಿರುತ್ತಿದ್ದಳು. ಹಾಡು ಸಹ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯೋಚಿಸಿ ನೋಡಿ. ಬೇರೆಯವರೆಲ್ಲ ದುಡ್ಡು ಕೊಟ್ಟು ನೋಡಿದ್ದು ಒಂದೇ ಸಿನಿಮಾ. ನನಗೊಬ್ಬನಿಗೆಂದೇ ಒಬ್ಬಳು ವಾರಕ್ಕೊಂದು ಸಿನಿಮಾ ಮಾಡಿ ಕೊಟ್ಟಿದ್ದಾಳೆ, ಅದೂ ದುಡಿದು ಸುಸ್ತಾದ ಮೇಲೆ, ಅದೂ ಒಂದರಲ್ಲೂ ಯಾರನ್ನೂ ಸಾಯಿಸದೆ. ಇಂಥ ಭಾಗ್ಯ ಯಾವ ರಾಜನಿಗೆ ಬಂತು. ‘ಏಕೆ ಹೀಗೆ ಮಾಡಿದೆ’ ಎಂದು ಇವಳನ್ನು ಕೇಳಿದೆ. ‘ನೀವು ರಾತ್ರಿಯೆಲ್ಲ ಒಲೆ ಮುಂದೆ ನಿಂತು ಬಂದಿರ್ತಿದ್ರಿ. ನಿದ್ದೆ ಬಂತು ಅಂದ್ರೆ ಬೇಜಾರು ಮಾಡ್ಕೋತೀರಿ. ಟಿಕೆಟ್ ಬೇಡ ಅಂದ್ಬಿಟ್ರೆ ಆ ಇಂಟರ್ವಲ್ಲೂ ಹೋಗುತ್ತೆ’ ಎಂದಳು. ಇವಳು ಬರುತ್ತಿದ್ದದ್ದು ಸಿನಿಮಾಕ್ಕಲ್ಲ, ಗೇಟಿನ ಹತ್ತಿರ ನನ್ನ ಮುಖ ನೋಡುವುದಕ್ಕೆ ಎಂಬುದು ನನಗೆ ಈ ವಯಸ್ಸಿನಲ್ಲಿ ಗೊತ್ತಾಯಿತು.

ನೀವು ಏಕೆ ಸುಳ್ಳು ಹೇಳಿದಿರಿ ಎಂದು ನಾನು ಕೇಳುವುದಿಲ್ಲ. ನೀರಲ್ಲಿ ನೆಂದು ಬಿಳಿಚಿದ ಬೆರಳಿನ ಹೆಂಗಸು ನಿದ್ದೆಗಣ್ಣಲ್ಲಿ ಕೇಳಿದಾಗ ‘ಅವನು ಸತ್ತ’ ಎಂದು ಹೇಳಲು ನಿಮ್ಮಂಥವರಿಗೆ ಬಾಯಿ ಬರುವುದಿಲ್ಲ. ಆ ಒಂದು ಮಾತಿಗೆ, ಆ ಟಾರ್ಚನ್ನು ನೆಲಕ್ಕೆ ಬಿಟ್ಟದ್ದಕ್ಕೆ, ನಾನು ನಿಮಗೆ ಕೃತಜ್ಞ. ಇದನ್ನು ಬರೆಯಲೆಂದೇ ಕಾಗದ ತೆಗೆದೆ, ಸಿನಿಮಾ ನೆಪ ಅಷ್ಟೆ.

ಆದರೂ ಮಗ ಕಾದಿರುತ್ತಾನೆ. ಮೊದಲು ಗೋಡೆಯ ಸಿನಿಮಾ ನೋಡಲಿ. ತೆಳ್ಳನೆ ಗೋಡೆಯ ಈಚೆ ತುತ್ತೂರಿ ಕಲಿಯುವವನು, ಆಚೆ ಪರೀಕ್ಷೆಗೆ ಓದುವವಳು. ಮುಖ ನೋಡದೆಯೇ ಜಗಳ, ಮುಖ ನೋಡದೆಯೇ ರಾಜಿ. ಹೊಸ ಜೋಡಿಗೆ ಜಗಳ ಕಲಿಸುವ ಸಿನಿಮಾ ಇದಕ್ಕಿಂತ ಚೆನ್ನಾದದ್ದಿಲ್ಲ. ಇದರಲ್ಲಿ ನಿಜವಾಗಿಯೂ ಸೇರುತ್ತಾರೆ. ನಿಮ್ಮ ಮಾತನ್ನು ನಂಬಿ ಹೇಳುತ್ತಿಲ್ಲ, ಟಿವಿಯಲ್ಲಿ ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಗಡಿಯಾರದ್ದನ್ನು ಸ್ವಲ್ಪ ವರ್ಷ ಕಳೆದ ಮೇಲೆ ನೋಡಲಿ. ದೋಣಿಯದನ್ನು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಕೂರುವ ಹಾಗಿದ್ದರೆ ಮಾತ್ರ. ಯಾವುದನ್ನೇ ನೋಡಲಿ, ಮುಗಿದ ಕೂಡಲೇ ದೀಪ ಹಾಕಿ ಅವರವರ ಕೆಲಸಕ್ಕೆ ಏಳಬಾರದು. ಅವನು ಏನು ಕಂಡನೋ ಅವಳಿಗೆ ಹೇಳಲಿ, ಅವಳು ಅದನ್ನು ಅಲ್ಲಗಳೆಯಲಿ. ಜೊತೆಯಲ್ಲಿ ನೋಡುವುದೆಂದರೆ ನನಗೆ ತಿಳಿದದ್ದು ಇಷ್ಟೇ.

ಮನೆಯಲ್ಲಿ ಈಗ ಬೆಳಗಿನಿಂದ ಸಂಜೆಯವರೆಗೂ ಆಟ ನಡೆದಿದೆ. ದನಿ ಒರಟಾಗಿದೆ, ಮಧ್ಯೆ ಮಧ್ಯೆ ಗಾಳಿಯಷ್ಟೇ ಬರುತ್ತದೆ, ಆದರೂ ಇವಳು ಹಳೆಯ ಸೆಕೆಂಡ್ ಹಾಫ್‌ಗಳನ್ನೆಲ್ಲ ಮತ್ತೆ ಹೇಳುತ್ತಿದ್ದಾಳೆ. ‘ಯಾವುದು ಬೇಕು, ಟಿವಿಯದ್ದೋ ನನ್ನದೋ’ ಎಂದು ಕೇಳುತ್ತಾಳೆ. ಇವಳದ್ದೇ ಬೇಕೆನ್ನುತ್ತೇನೆ. ಗಂಟಲಿಗೆ ಆಯಾಸ ಮಾಡಬೇಡವೆಂದು ಡಾಕ್ಟರಮ್ಮ ಹೇಳಿದ್ದನ್ನು ನೆನಪಿಸಿದರೆ, ‘ಹೋಗೋ ದನಿ ತಾನೆ, ಖರ್ಚು ಮಾಡಿಯೇ ಕಳಿಸ್ತೀನಿ’ ಎನ್ನುತ್ತಾಳೆ.

ಬರುವುದಾದರೆ ಸೋಮವಾರದೊಳಗೆ ಒಮ್ಮೆ ಬಂದು ಹೋಗಿ. ಅಂಬಿಗನ ವಿಷಯದಲ್ಲಿ ನಿಮ್ಮನ್ನು ತನ್ನ ಬಾಯಿಯಿಂದಲೇ ಬೈಯಬೇಕೆಂದು ಇವಳ ಆಸೆ. ಬರಲು ಆಗದಿದ್ದರೆ ಬೇಸರವಿಲ್ಲ, ಮಂಡಿನೋವಿನವರಿಗೆ ಬಸ್ಸಿನ ಮೆಟ್ಟಿಲು ಎಂಥದೆಂದು ನನಗೂ ಗೊತ್ತು. ಮಗನಿಗೂ ಸೊಸೆಗೂ ನಮ್ಮಿಬ್ಬರ ತುಂಬು ಮನಸ್ಸಿನ ಆಶೀರ್ವಾದ. ಒಬ್ಬರ ಮಾತಿಗೆ ಒಬ್ಬರು ಕಿವಿಯಾಗಿ, ನೂರು ಕಾಲ ಬಾಳಲಿ.

ಇಂತಿ ನಿಮ್ಮ
ಫಸ್ಟ್ ಹಾಫ್

ತಾ.ಕ.: ಇವಳು ಒಳಗೆ ಬಟ್ಟೆ ಮಡಚುತ್ತಿದ್ದಾಳೆ, ಇಷ್ಟನ್ನು ಇವಳಿಗೆ ಓದಿ ಹೇಳದೆ ಬರೆಯುತ್ತೇನೆ. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಯಾರಾದರೂ ಮಾತಾಡುತ್ತಿರಬೇಕಂತೆ, ಹೊಸ ಸಿನಿಮಾ ಒಂದನ್ನು ಮೊದಲಿನಿಂದ ಕೊನೆಯವರೆಗೂ ನಾನೇ ಕಟ್ಟಿ ಹೇಳಬೇಕಂತೆ. ನಿನ್ನೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಒಬ್ಬನೇ ಅಭ್ಯಾಸ ಮಾಡಿದೆ. ಅವನು ಬಂದ, ಅವಳು ಬಂದಳು, ಊರು ಬಿಡುವ ಹೊತ್ತಾಯಿತು ಎನ್ನುವವರೆಗೆ ಚೆನ್ನಾಗಿಯೇ ಬಂತು. ತಿರುಗಿ ನೋಡಿದರೆ ಇವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ‘ಮುಂದೇನಾಯ್ತು’ ಎಂದಳು. ನನಗೆ ಮುಂದಿನದೂ ಹೊಳೆದಿತ್ತು ಗೇಟಣ್ಣ, ಆದರೆ ಹೇಳಲಿಲ್ಲ. ಹೇಳಿಬಿಟ್ಟರೆ ಇವಳು ಆ ದನಿಯಲ್ಲಿ ಮತ್ತೆ ಕೇಳುವುದಿಲ್ಲವಲ್ಲ. ಪಾತ್ರೆ ಉಜ್ಜುತ್ತಲೇ ಇದ್ದೆ. ‘ಹೇಳಿ, ಮುಂದೇನಾಯ್ತು’ ಎಂದು ಇನ್ನೊಂದು ಸಲ ಕೇಳಿದಳು. ತೊಳೆದ ಪಾತ್ರೆಯನ್ನೇ ಮತ್ತೆ ಉಜ್ಜತೊಡಗಿದೆ.